ರಾವಣ ಕೇಳಿದ ವಾಯಿದೆ

ರಾವಣ ಸೀತೆಯನ್ನು ವಾಪಸ್ ಕೊಡೋಕೆ ಒಪ್ಪಿದ್ದ. ಯುದ್ಧದಲ್ಲಿ ಸೋತು ಒಪ್ಪಿದ್ದಲ್ಲ, ಯಾರದೋ ಬಲವಂತಕ್ಕೆ ಒಪ್ಪಿದ್ದೂ ಅಲ್ಲ. ತಾನು ಮಾಡಿದ್ದು ತಪ್ಪು ಅಂತ ಮನಸ್ಸಿಗೆ ನಾಟಿ, ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿದ್ದ. ಆಮೇಲೂ ಯುದ್ಧಕ್ಕೆ ಹೋದ. ಹೋಗಿ ಸತ್ತ.

ನಮಗೆ ಗೊತ್ತಿರೋ ರಾಮಾಯಣದಲ್ಲಿ ಹೀಗಿಲ್ವಲ್ಲ ಅಂತೀರಾ? ನಿಜ, ವಾಲ್ಮೀಕಿಯಲ್ಲಿ ಇಲ್ಲ. ಇದು ಇರೋದು ಕ್ರಿ.ಶ. 1100ರ ಆಸುಪಾಸಿನಲ್ಲಿ ನಾಗಚಂದ್ರ ಬರೆದ 'ರಾಮಚಂದ್ರಚರಿತ ಪುರಾಣ'ದಲ್ಲಿ. ತನ್ನನ್ನು ತಾನೇ 'ಅಭಿನವ ಪಂಪ' ಅಂತ ಕರೆದುಕೊಂಡ ಕವಿ ಈತ. ಹಾಗಾಗಿ ಕಾವ್ಯಕ್ಕೆ 'ಪಂಪ ರಾಮಾಯಣ' ಅನ್ನೋ ಹೆಸರೂ ಅಂಟಿಕೊಂಡಿದೆ. ಇದು ಜೈನ ರಾಮಾಯಣ. ಇಲ್ಲಿ ರಾವಣ ರಾಕ್ಷಸನಲ್ಲ, ವಿದ್ಯಾಧರ ವಂಶದ ರಾಜ. ಹತ್ತು ತಲೆಯೂ ಇಲ್ಲ. ಹುಟ್ಟಿದಾಗ ಕೊರಳಲ್ಲಿದ್ದ ಹಾರದ ಮಣಿಗಳಲ್ಲಿ ಮುಖದ ಪ್ರತಿಬಿಂಬ ಬಿದ್ದು ಹತ್ತು ಮುಖದ ಹಾಗೆ ಕಂಡಿತು, ಅದಕ್ಕೇ ದಶಮುಖ ಅನ್ನೋದು ಜೈನ ಪರಂಪರೆಯ ವಿವರಣೆ. ವಾನರರಿಗೂ ಬಾಲ ಇಲ್ಲ, ಅವರದ್ದು ಕಪಿಧ್ವಜ ಅಷ್ಟೆ. ಕೊನೆಗೆ ರಾವಣನನ್ನು ಕೊಲ್ಲೋದು ರಾಮನಲ್ಲ, ಲಕ್ಷ್ಮಣ.

ಹಳಗನ್ನಡವನ್ನು ನಾನು ಓದಿದ್ದು ಎಸ್ಸೆಸ್ಸೆಲ್ಸಿಯಲ್ಲಿ, ಮಾರ್ಕ್ಸಿಗಾಗಿ. ಬಿಇ ಸೇರಿದ ಮೇಲೆ ಅದೂ ನಿಂತುಹೋಯ್ತು. ಈ ಕಾವ್ಯವನ್ನು ಕೈಗೆತ್ತಿಕೊಂಡಿದ್ದು ಎಷ್ಟೋ ವರ್ಷ ಬಿಟ್ಟು, ಪಕ್ಕದಲ್ಲಿ ಗದ್ಯಾನುವಾದ ಇಟ್ಟುಕೊಂಡು, ದಿನಕ್ಕೆ ನಾಲ್ಕೈದು ಪದ್ಯದ ಹಾಗೆ. ಪಂಡಿತನಾಗಿ ಮಾತಾಡ್ತಿಲ್ಲ ಅಂತ ಹೇಳೋಕೆ ಇದನ್ನು ಹೇಳಿದೆ. ಓದುಗನಾಗಿ ನನಗೊಂದು ತಕರಾರಿದೆ. ಅದು ಕಾವ್ಯದ ಮೇಲಿನ ತಕರಾರಲ್ಲ, ನಾವು ಈ ರಾವಣನನ್ನು ಹೊಗಳೋ ರೀತಿಯ ಮೇಲಿನದು.

ಆ ಹೊಗಳಿಕೆ ನಿಮಗೂ ಗೊತ್ತಿರುತ್ತೆ. ದಸರಾ ಹತ್ತಿರ ಬಂದರೆ ಸಾಕು, ಯಾವುದಾದರೂ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಬಂದೇ ಬರುತ್ತೆ. ರಾವಣ ಸೀತೆಯನ್ನು ಅಷ್ಟು ದಿನ ಇಟ್ಟುಕೊಂಡಿದ್ದರೂ ಮುಟ್ಟಲಿಲ್ಲ, ಹಾಗಾಗಿ ಅವನೇ ನಿಜವಾದ ಜಂಟಲ್‌ಮನ್ ಅನ್ನೋ ಅರ್ಥದ್ದು. ಕೆಳಗೆ ಕೈಮುಗಿದ ಇಮೋಜಿಗಳ ಸಾಲು. ವಿಮರ್ಶಕರು ಇದನ್ನೇ ಗಂಭೀರವಾಗಿ, ಗೌರವದಿಂದ ಹೇಳ್ತಾರೆ: ರಾವಣ ಮಹಾನುಭಾವ, ಅವನಲ್ಲಿದ್ದದ್ದು ಒಂದೇ ಒಂದು ದೌರ್ಬಲ್ಯ, ಅದರಿಂದ ಕೆಟ್ಟ. ಬಿಳಿ ಪಂಚೆ ಮೇಲೆ ಒಂದು ಕಲೆ ಬಿದ್ದ ಹಾಗೆ.

ಈ ದಾರಿ ಹಾಕಿಕೊಟ್ಟವರಲ್ಲಿ ದೊಡ್ಡ ಹೆಸರು ಬಿ.ಎಂ.ಶ್ರೀಯವರದು. ಸೊಫೊಕ್ಲಿಸನ 'ಏಜಾಕ್ಸ್' ನಾಟಕವನ್ನು 'ಅಶ್ವತ್ಥಾಮನ್' ಮಾಡಿದವರು ಅವರು. ಗ್ರೀಕ್ ದುರಂತ ನಾಟಕದ ಕಣ್ಣಿನಿಂದ ನಾಗಚಂದ್ರನ ರಾವಣನನ್ನು ನೋಡಿ 'ಎ ಟ್ರ್ಯಾಜಿಕ್ ರಾವಣ' ಅಂತ ಇಂಗ್ಲಿಷಿನಲ್ಲಿ ಪ್ರಬಂಧ ಬರೆದರು. ಒಂದು ಜೈನ ಪುರಾಣದೊಳಗೆ ಇಂಥ ಒಬ್ಬ ನಾಯಕ ಕೂತಿದ್ದಾನೆ ಅಂತ ತೋರಿಸಿದ್ದು ಸಣ್ಣ ಮಾತಲ್ಲ. ಅರಿಸ್ಟಾಟಲನ ಪ್ರಕಾರ ದುರಂತ ನಾಯಕ ಪೂರ್ತಿ ಒಳ್ಳೆಯವನೂ ಅಲ್ಲ, ಪೂರ್ತಿ ಕೆಟ್ಟವನೂ ಅಲ್ಲ. 'ಹಮಾರ್ಶಿಯಾ' ಒಂದರಿಂದ ಬೀಳ್ತಾನೆ. ಆ ಗ್ರೀಕ್ ಪದದ ಬೇರಿನಲ್ಲಿ ಗುರಿ ತಪ್ಪೋದು ಅನ್ನೋ ಅರ್ಥ ಇದೆ. ರಾವಣನಿಗೆ ಈ ಅಳತೆ ಚೆನ್ನಾಗಿಯೇ ಹೊಂದುತ್ತೆ. ಆದರೆ ಅವನು ಗುರಿ ತಪ್ಪಿದ್ದು ಎಲ್ಲಿ? ಸೀತೆಯನ್ನು ಕಂಡು ಮನಸ್ಸು ಕದಲಿದ ಕ್ಷಣದಲ್ಲಿ ಅನ್ನೋದು ಸಾಮಾನ್ಯ ಉತ್ತರ. ನನಗೆ ಅನ್ನಿಸೋದು, ನಾಗಚಂದ್ರನ ಕಾವ್ಯದಲ್ಲಿ ಅವನನ್ನು ಕೊಂದಿದ್ದು ಮನಸ್ಸು ಕದಲಿದ ಕ್ಷಣ ಅಲ್ಲ, ಮನಸ್ಸು ಸರಿಹೋದ ಕ್ಷಣ. ಇದು ಉಲ್ಟಾ ಅನ್ನಿಸಬಹುದು, ಸ್ವಲ್ಪ ತಾಳಿ.

ಮೊದಲು ಅವನ ಒಳ್ಳೆಯತನ ಎಂಥದ್ದು ನೋಡೋಣ. ನಳಕೂಬರ ಅನ್ನೋ ರಾಜನ ಕೋಟೆಗೆ ರಾವಣ ಮುತ್ತಿಗೆ ಹಾಕಿರ್ತಾನೆ. ಕೋಟೆ ಒಡೆಯೋಕೆ ಆಗ್ತಿಲ್ಲ. ಆ ರಾಜನ ಹೆಂಡತಿ ಉಪರಂಭೆ ರಾವಣನ ಮೇಲೆ ಮೋಹಗೊಂಡು ಹೇಳಿಕಳಿಸ್ತಾಳೆ. ರಾವಣ ಅವಳಿಂದ ಕೋಟೆ ಭೇದಿಸೋ ವಿದ್ಯೆಯನ್ನು ಪಡೆದು ಗೆಲ್ತಾನೆ. ಗೆದ್ದ ಮೇಲೆ ಅವಳನ್ನು ಮುಟ್ಟಲ್ಲ. ಬುದ್ಧಿ ಹೇಳಿ, ಸೋತ ಗಂಡನ ಹತ್ತಿರವೇ ಕಳಿಸ್ತಾನೆ. ಇದರ ಜೊತೆಗೆ ಅನಂತವೀರ್ಯ ಕೇವಲಿಯ ಎದುರು ತೊಟ್ಟ ವ್ರತ ಬೇರೆ ಇದೆ: ತನ್ನನ್ನು ಒಪ್ಪದ ಪರಸ್ತ್ರೀಯನ್ನು ಮುಟ್ಟಲ್ಲ.

ಇಲ್ಲಿ ಒಂದು ಸ್ವಾರಸ್ಯ ಗಮನಿಸಿ. ನಳಕೂಬರನ ಹೆಸರು ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲೂ ಬರುತ್ತೆ. ಅಲ್ಲಿ ನಳಕೂಬರನ ಹತ್ತಿರ ಹೊರಟಿದ್ದ ರಂಭೆಯನ್ನು ರಾವಣ ಬಲಾತ್ಕರಿಸ್ತಾನೆ. ಒಲ್ಲದ ಹೆಣ್ಣಿನ ಮೈಮುಟ್ಟಿದರೆ ನಿನ್ನ ತಲೆ ಸಿಡಿದು ಹೋಗಲಿ ಅಂತ ನಳಕೂಬರ ಶಾಪ ಕೊಡ್ತಾನೆ. ಸೀತೆ ಲಂಕೆಯಲ್ಲಿ ಉಳಿದಿದ್ದು ಆ ಶಾಪದ ಭಯದಿಂದ. ಅಂದ್ರೆ ಫಾರ್ವರ್ಡ್‌ನಲ್ಲಿ ಹೊಗಳಿಸಿಕೊಳ್ಳೋ ಆ 'ಸಂಯಮ' ವಾಲ್ಮೀಕಿಯ ರಾವಣನಿಗೆ ಸೇರಿದ್ದಲ್ಲವೇ ಅಲ್ಲ. ಜೈನ ಪರಂಪರೆ ಅದೇ ಹೆಸರುಗಳನ್ನು ಇಟ್ಟುಕೊಂಡು ಕಥೆಯನ್ನು ಬುಡಮೇಲು ಮಾಡಿತು. ಹೊರಗಿನ ಶಾಪ ಹೋಗಿ ಒಳಗಿನ ವ್ರತ ಬಂತು. ದುರಂತ ನಾಯಕ ಹುಟ್ಟೋದು ಇಲ್ಲೇ. ಶಾಪಕ್ಕೆ ಹೆದರೋನ ಒಳಗೆ ಹೋರಾಟ ಅಂತ ಏನಿರುತ್ತೆ, ಲೆಕ್ಕಾಚಾರ ಅಷ್ಟೆ. ವ್ರತ ತೊಟ್ಟವನು ಮಾತ್ರ ತನ್ನ ಜೊತೆ ತಾನೇ ಜಗಳ ಆಡಬೇಕಾಗುತ್ತೆ.

ಆದರೆ ಆ ಜಗಳದಲ್ಲಿ ವ್ರತ ಏನು ಮಾಡಿತು ನೋಡಿ. ದಂಡಕಾರಣ್ಯದಲ್ಲಿ ಸೀತೆಯನ್ನು ಕಾಣ್ತಾನೆ, ಮನಸ್ಸು ಕದಲುತ್ತೆ. ನಾಗಚಂದ್ರ ಇಲ್ಲಿ ಅವನನ್ನು ಬಯ್ಯಲ್ಲ. ಎಲ್ಲೆ ಮೀರದ ಸಮುದ್ರದ ಹೋಲಿಕೆ ತಂದು, ವಿಧಿ ಕೂಡಿಬಂದರೆ ಎಂಥವರಿಗೂ ಹೀಗಾಗುತ್ತೆ ಅನ್ನೋ ಮರುಕದಲ್ಲಿ ನೋಡ್ತಾನೆ. ಮಾಯಾಜಿಂಕೆ ಈ ಕಥೆಯಲ್ಲಿಲ್ಲ. ಲಕ್ಷ್ಮಣ ದೂರದಲ್ಲಿ ಯುದ್ಧದಲ್ಲಿದ್ದಾನೆ, ಅಪಾಯ ಬಂದರೆ ಸಿಂಹನಾದ ಮಾಡ್ತೀನಿ ಅಂದಿದ್ದಾನೆ. ಸುಳ್ಳು ಸಿಂಹನಾದ ಹುಟ್ಟಿಸಿ, ರಾಮ ಆ ಕಡೆ ಓಡಿದಾಗ ರಾವಣ ಸೀತೆಯನ್ನು ಹೊತ್ತೊಯ್ತಾನೆ. ಕೋಟೆ ಗೆಲ್ಲುವಾಗ ಸೋತವನ ಹೆಂಡತಿಯನ್ನು ಮರ್ಯಾದೆಯಿಂದ ಕಳಿಸಿಕೊಟ್ಟವನು ಈಗ ಕಳ್ಳನ ಕೆಲಸ ಮಾಡ್ತಿದ್ದಾನೆ. ಲಂಕೆಗೆ ಬಂದ ಮೇಲೆ ಮಾತ್ರ ವ್ರತ ನೆನಪಾಗುತ್ತೆ. ಅವಳು ಒಪ್ಪೋ ತನಕ ಮುಟ್ಟಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದು ಚೆನ್ನಾಗಿ ಗೊತ್ತಿರೋ ಸಂಗತಿ. ಕ್ಲೈಂಟ್ ಬರೆದುಕೊಟ್ಟ ರಿಕ್ವೈರ್‌ಮೆಂಟನ್ನು ಅಕ್ಷರ ಬಿಡದೆ ಪಾಲಿಸಿಯೂ ಯಾರ ಉಪಯೋಗಕ್ಕೂ ಬಾರದ ಸಾಫ್ಟ್‌ವೇರ್ ಕೊಡಬಹುದು. ಟೆಸ್ಟ್ ಕೇಸ್ ಎಲ್ಲಾ ಪಾಸ್, ರಿಪೋರ್ಟ್ ಪೂರ್ತಿ ಹಸಿರು. ರಾವಣನ ವ್ರತದ ರಿಪೋರ್ಟೂ ಹಸಿರೇ. ಹೆಣ್ಣಿನ ಇಷ್ಟಕ್ಕೆ ಬೆಲೆ ಕೊಡಬೇಕು ಅನ್ನೋದು ಆ ವ್ರತದ ಅರ್ಥ. ಅವಳನ್ನು ಕದ್ದು ತಂದು, ಕಾವಲು ಹಾಕಿ, ಗಂಡನನ್ನು ಕೊಲ್ತೀನಿ ಅಂತ ಹೆದರಿಸಿ, ಆಮೇಲೆ 'ನಿನ್ನ ಇಷ್ಟ' ಅನ್ನುವಾಗ ಅರ್ಥ ಸತ್ತಿರುತ್ತೆ, ಅಕ್ಷರ ಮಾತ್ರ ಉಳಿದಿರುತ್ತೆ. ವ್ರತ ಇರದಿದ್ದರೆ ಅವನಿಗೆ ತಾನು ಏನು ಮಾಡ್ತಿದ್ದೀನಿ ಅಂತ ಬೇಗ ಗೊತ್ತಾಗ್ತಿತ್ತೇನೋ. ವ್ರತ ಉಳಿಸಿಕೊಂಡಿದ್ದೀನಿ ಅನ್ನೋ ಸಮಾಧಾನವೇ ತಪ್ಪನ್ನು ದಿನ ದಿನಕ್ಕೂ ಮುಂದುವರಿಸೋಕೆ ಧೈರ್ಯ ಕೊಟ್ಟಿತು.

ಹಾಗಾಗಿ ಪಂಚೆ ಮೇಲಿನ ಕಲೆ ಅನ್ನೋ ಮಾತು ನನಗೆ ಒಪ್ಪಿಗೆಯಾಗಲ್ಲ. ಕಲೆಯಾದರೆ ಒಗೆದು ತೆಗೀಬಹುದು. ಇಲ್ಲಿ ಅವನ ಕೆಟ್ಟದ್ದು ನೇಯ್ದುಕೊಂಡಿರೋದೇ ಅವನ ಒಳ್ಳೆಯದರ ನೂಲಿನಿಂದ.

ಈಗ ಆ ಕ್ಷಣಕ್ಕೆ ಬರೋಣ. ಯುದ್ಧ ರಾವಣನಿಗೆ ಪ್ರತಿಕೂಲವಾಗ್ತಿದೆ. ಬುದ್ಧಿ ಹೇಳಿದ ವಿಭೀಷಣ ಆಗಲೇ ಆ ಕಡೆ ಹೋಗಿದ್ದಾನೆ. ಬಹುರೂಪಿಣಿ ವಿದ್ಯೆ ಸಾಧಿಸೋಕೆ ರಾವಣ ಶಾಂತಿನಾಥ ಜಿನಾಲಯದಲ್ಲಿ ಧ್ಯಾನಕ್ಕೆ ಕೂರ್ತಾನೆ. ಅಂಗದ ಮತ್ತವನ ಕಡೆಯವರು ನುಗ್ಗಿ ಎಷ್ಟು ಕಾಟ ಕೊಟ್ಟರೂ ಕದಲಲ್ಲ. ಇವನ ಮನಸ್ಸಿನ ಬಲ ಎಷ್ಟು ಅಂತ ಕವಿ ಇಲ್ಲಿ ತೋರಿಸಿಬಿಟ್ಟ. ವಿದ್ಯೆ ಸಿದ್ಧಿಸಿದ ಮೇಲೆ ಸೀದಾ ಸೀತೆಯ ಹತ್ತಿರ ಬರ್ತಾನೆ. ಇನ್ನು ರಾಮ ಉಳಿಯಲ್ಲ, ನನ್ನನ್ನು ಒಪ್ಪಿಕೋ ಅನ್ನೋ ಧಾಟಿಯ ಮಾತು. ಸೀತೆ ಬಯ್ಯೋದೂ ಇಲ್ಲ, ಶಪಿಸೋದೂ ಇಲ್ಲ. ರಾಮನ ಪ್ರಾಣ ಇರೋ ತನಕವೇ ತನ್ನ ಪ್ರಾಣ ಅಂದು ಮೂರ್ಛೆ ಹೋಗ್ತಾಳೆ.

ರಾವಣ ಅಲ್ಲಿ ಮುರಿದು ಬೀಳ್ತಾನೆ. ಇಷ್ಟು ಪ್ರೀತಿಸೋ ಇಬ್ಬರನ್ನು ಅಗಲಿಸಿದೆನಲ್ಲ, ಒಳ್ಳೆ ಮಾತು ಹೇಳಿದ ತಮ್ಮನನ್ನು ಅಟ್ಟಿದೆನಲ್ಲ, ವಂಶಕ್ಕೆ ಮಸಿ ಬಳಿದೆನಲ್ಲ ಅಂತ ಕೊರಗ್ತಾನೆ. ಅವಳ ಮೇಲಿನ ಆಸೆ ಅಲ್ಲಿಗೆ ಹೋಯ್ತು. ಇವಳನ್ನು ರಾಮನಿಗೆ ಒಪ್ಪಿಸಬೇಕು ಅಂತ ತೀರ್ಮಾನ ಆಯ್ತು. ಒಳಗಿನ ಯುದ್ಧ ಮುಗಿಯಿತು, ಒಳ್ಳೆಯದು ಗೆದ್ದಿತು.

ಆಮೇಲೆ ಒಂದು 'ಆದರೆ' ಬರುತ್ತೆ. ಈಗಲೇ ಕೊಟ್ಟರೆ ಹೆದರಿ ಕೊಟ್ಟ ಅಂತಾರೆ. ನಾಳೆ ಯುದ್ಧದಲ್ಲಿ ರಾಮ ಲಕ್ಷ್ಮಣರನ್ನು ಗೆದ್ದು, ಸೆರೆ ಹಿಡಿದು ತಂದು, ಆಮೇಲೆ ಉದಾರವಾಗಿ ಒಪ್ಪಿಸ್ತೀನಿ.

ಈ ತಿರುವು ವಿಮಲಸೂರಿಯ ಪ್ರಾಕೃತ 'ಪಉಮಚರಿಯ'ದಿಂದಲೇ ಬಂದ ಪರಂಪರೆಯದು. ನಾಗಚಂದ್ರ ಇದನ್ನು ಕಂಡುಹಿಡಿದವನಲ್ಲ, ಕನ್ನಡದಲ್ಲಿ ಇದರ ಭಾರ ನಮ್ಮ ಮೇಲೆ ಬೀಳೋ ಹಾಗೆ ಮಾಡಿದವನು. ಉಪರಂಭೆಯ ಪ್ರಸಂಗದಿಂದ ಹಿಡಿದು ಇಲ್ಲಿಯ ತನಕ ರಾವಣನ ದೊಡ್ಡತನವನ್ನು ಹಂತ ಹಂತವಾಗಿ ನಂಬಿಸಿ, ಅದೇ ದೊಡ್ಡತನದ ಕೈಯಲ್ಲೇ ಅವನನ್ನು ಕೊಲ್ಲಿಸ್ತಾನೆ. ಕೊನೆಯ ಮಾತು ಆಡಿದ್ದು ಕಾಮ ಅಲ್ಲ, ಅದು ಆಗಲೇ ಹೋಗಿತ್ತು. ಮಾತಾಡಿದ್ದು ಸ್ವಾಭಿಮಾನ. ಅದನ್ನು ನಾವು ಮಕ್ಕಳಿಗೆ ಗುಣ ಅಂತ ಹೇಳಿಕೊಡ್ತೀವಿ.

ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ ಆಗುತ್ತೆ. ಮ್ಯಾಕ್‌ಬೆತ್ ಕೂಡ ಒಂದು ಹಂತದಲ್ಲಿ ರಾಜನನ್ನು ಕೊಲ್ಲೋದು ಬೇಡ ಅಂತ ತೀರ್ಮಾನ ಮಾಡ್ತಾನೆ. ಆಗ ಹೆಂಡತಿ ಬಂದು ನೀನು ಗಂಡಸೇನು ಅಂತ ಹಂಗಿಸ್ತಾಳೆ. ಹೇಡಿ ಅನ್ನೋ ಮಾತು ಅವನಿಗೆ ಹೊರಗಿನಿಂದ ಬರುತ್ತೆ. ರಾವಣನ ಹೆಂಡತಿ ಮಂಡೋದರಿ ಇದಕ್ಕೆ ವಿರುದ್ಧ, ಅವಳು ಎಳೆಯೋದು ಒಳ್ಳೆಯದರ ಕಡೆಗೆ. ತಮ್ಮನೂ ಆ ಕಡೆಗೇ ಎಳೆದಿದ್ದ. ಲಂಕೆಯಲ್ಲಿ ಅವನನ್ನು ಹೇಡಿ ಅನ್ನೋ ಧೈರ್ಯ ಯಾರಿಗಿತ್ತು? ಹಂಗಿಸೋರು ಯಾರೂ ಇಲ್ಲದ ಕಡೆ ಆ ಕೆಲಸವನ್ನೂ ಅವನೇ ಮಾಡಿಕೊಂಡ. ಜನ ಏನಂತಾರೋ ಅಂತ ಅವನು ಹೆದರಿದ ಆ ಜನ ಇದ್ದದ್ದು ಅವನ ತಲೆಯೊಳಗೆ.

ಹಳ್ಳಿಯಲ್ಲಿ ಬೆಳೆದವರಿಗೆ ಈ ರಾವಣ ಚೆನ್ನಾಗಿ ಗೊತ್ತು. ನಮ್ಮೂರ ಕಡೆ ಯಜಮಾನರೊಬ್ಬರು ತಮ್ಮನ ಪಾಲಿನ ಹತ್ತು ಗುಂಟೆ ಒತ್ತರಿಸಿಕೊಂಡಿದ್ದರು. ಕೇಸು ನಡೀತಿತ್ತು. ಅವರೇನು ಕೆಟ್ಟವರಲ್ಲ. ಊರಿನ ಎಷ್ಟೋ ಜಗಳ ಬಿಡಿಸಿದವರು, ಬರಗಾಲದಲ್ಲಿ ಬೇರೆಯವರ ದನಕ್ಕೂ ಹುಲ್ಲು ಕೊಟ್ಟವರು. ವಯಸ್ಸಾದ ಮೇಲೆ ಜಗುಲಿ ಮೇಲೆ ಕೂತು ಹೇಳ್ತಿದ್ದರು: "ಕೊಡಾಣ ಕಣ್ಲಾ, ನಂಗೇನು ಆ ಭೂಮಿ ಹೊತ್ಕೊಂಡು ಹೋಗೋ ಆಸೆ ಇಲ್ಲ. ಆದ್ರೆ ಈಗ ಕೊಟ್ರೆ ಕೋರ್ಟಿಗೆ ಹೆದ್ರುಕೊಂಡ ಅಂತಾರೆ. ಕೇಸು ಗೆದ್ದು, ನಾನಾಗೇ ಕರ್ದು ಕೊಡ್ತೀನಿ." ಮನಸ್ಸಿನಲ್ಲಿ ಭೂಮಿ ಕೊಟ್ಟಾಗಿತ್ತು, ಕಾಗದದಲ್ಲಿ ಮಾತ್ರ ವಾಯಿದೆ ಮೇಲೆ ವಾಯಿದೆ. ತಮ್ಮ ಆ ಭೂಮಿಯಲ್ಲಿ ಒಂದು ಬೆಳೆಯನ್ನೂ ತೆಗೆಯದೆ ತೀರಿಕೊಂಡರು. ಆಫೀಸಿನಲ್ಲೂ ಇದರ ಸಣ್ಣ ರೂಪಗಳನ್ನು ನೋಡ್ತಾನೇ ಇರ್ತೀವಿ. ಈ ಡಿಸೈನ್ ತಪ್ಪು ಅಂತ ಮೀಟಿಂಗಿನಲ್ಲಿ ಎಲ್ಲರಿಗೂ ಗೊತ್ತು, ಮಾಡಿದವರಿಗೂ ಗೊತ್ತು. ಆದರೂ ಈ ರಿಲೀಸ್ ಹೋಗಲಿ, ಮುಂದಿನದರಲ್ಲಿ ಬದಲಾಯಿಸೋಣ.

ವಾಯಿದೆ ಕೇಳೋನಿಗೆ ತಾನು ತಪ್ಪು ಮಾಡ್ತಿದ್ದೀನಿ ಅಂತ ಅನ್ನಿಸೋದೇ ಇಲ್ಲ. ಸರಿ ಯಾವುದು ಅಂತ ಒಪ್ಪಿ ಆಗಿದೆಯಲ್ಲ. ಇನ್ನು ಉಳಿದಿರೋದು ತಾರೀಕು ಮಾತ್ರ.

ಆದರೆ ವಾಯಿದೆಯ ಖರ್ಚು ಯಾರು ಕಟ್ಟೋದು? ಇಲ್ಲಿ ನಮ್ಮ ವಿಮರ್ಶೆಯ ಮೇಲೆ ನನ್ನ ದೊಡ್ಡ ತಕರಾರಿದೆ. ರಾವಣನ ಒಳಗಿನ ತಳಮಳವನ್ನು ನಾವು ಎಷ್ಟು ಆಸೆಪಟ್ಟು ನೋಡ್ತೀವಿ ಅಂದ್ರೆ, ಆ ತಳಮಳ ನಡೀತಿರೋದು ಇನ್ನೊಬ್ಬಳ ಸೆರೆವಾಸದ ಸಮಯದಲ್ಲಿ ಅನ್ನೋದು ಮರೆತುಹೋಗುತ್ತೆ. ಮೂರ್ಛೆ ಹೋಗಿದ್ದವಳು ಎದ್ದ ಮೇಲೂ ಸೆರೆಯಲ್ಲೇ ಇದ್ದಾಳೆ. ಇವನ ಮನಸ್ಸು ಬದಲಾದದ್ದರಿಂದ ಅವಳಿಗೆ ಆದ ಲಾಭ ಸೊನ್ನೆ. ನಾಳೆಯ ಯುದ್ಧದಲ್ಲಿ ಸಾಯೋ ಎರಡೂ ಕಡೆಯ ಸೈನಿಕರಿಗೂ ಅಷ್ಟೆ. ಕೊಡೋದು ಅಂತ ತೀರ್ಮಾನವಾಗಿ ಹೋಗಿರೋ ಒಂದು ವಿಷಯಕ್ಕಾಗಿ, ಒಬ್ಬನ ಮರ್ಯಾದೆ ಸರಿಯಾಗಿ ಕಾಣಲಿ ಅಂತ ಅವರು ಸಾಯಬೇಕು. ಮುಟ್ಟಲಿಲ್ಲ ಅನ್ನೋ ಫಾರ್ವರ್ಡಿಗೂ ಮಹಾನುಭಾವ ಅನ್ನೋ ವಿಮರ್ಶೆಗೂ ಇಲ್ಲಿ ಅಂಥ ವ್ಯತ್ಯಾಸ ಏನೂ ಇಲ್ಲ. ಎರಡೂ ಲೆಕ್ಕ ಹಾಕೋದು ರಾವಣನ ಖಾತೆಯಲ್ಲಿ ಮಾತ್ರ.

ನಾಗಚಂದ್ರನಲ್ಲೂ ಕೊರತೆ ಇಲ್ಲದಿಲ್ಲ. ಜೈನ ಪುರಾಣದ ಚೌಕಟ್ಟಿನಲ್ಲಿ ಅರವತ್ತಮೂರು ಶಲಾಕಾಪುರುಷರ ಲೆಕ್ಕ ಇದೆ. ಅದರಲ್ಲಿ ರಾವಣ ಒಬ್ಬ ಪ್ರತಿವಾಸುದೇವ. ವಾಸುದೇವನಾದ ಲಕ್ಷ್ಮಣನ ಕೈಯಲ್ಲಿ ಅವನು ಸಾಯಲೇಬೇಕು. ಸ್ಕ್ರಿಪ್ಟ್ ಮೊದಲೇ ಫಿಕ್ಸ್. ಹಾಗಿರುವಾಗ ಮನಸ್ಸು ಬದಲಾಯಿಸಿದ್ದಕ್ಕೆ ಏನು ಬೆಲೆ? ವಿಧಿ, ಕರ್ಮ ಅಂತ ಕವಿ ಆಗಾಗ ಹೇಳಿದಾಗ ರಾವಣನ ಜವಾಬ್ದಾರಿ ಸ್ವಲ್ಪ ಕರಗುತ್ತೆ ಅನ್ನೋದು ನಿಜ. ಸೀತೆಗೂ ಅವನು ಕೊಟ್ಟಿರೋ ಜಾಗ ಕಡಿಮೆಯೇ. ಅವಳ ಮೂರ್ಛೆ ರಾವಣನನ್ನು ಬದಲಾಯಿಸೋ ಸಾಧನವಾಗಿ ಕೆಲಸ ಮಾಡುತ್ತೆ, ಕವಿಯ ಕಣ್ಣು ಕೂಡಲೇ ರಾವಣನ ಕಡೆ ತಿರುಗಿಬಿಡುತ್ತೆ. ಇಷ್ಟಾದರೂ ಒಂದು ಮಾತು ಹೇಳಬೇಕು. ವಾಪಸ್ ಕೊಡೋಣ ಅಂತ ತೀರ್ಮಾನ ಮಾಡಿದ ರಾತ್ರಿಯಲ್ಲಿ ವಿಧಿ ಅವನ ಕೈ ಹಿಡಿದುಕೊಂಡಿರಲಿಲ್ಲ. ಪಲ್ಲಕ್ಕಿ ಕಟ್ಟಿಸಿ ಸೀತೆಯನ್ನು ಕಳಿಸಿದ್ದರೆ ತಡೆಯೋರು ಯಾರಿದ್ದರು? ಆ ಒಂದು ಬಾಗಿಲನ್ನು ಕವಿ ತೆರೆದೇ ಇಟ್ಟಿದ್ದಾನೆ. ಪುರಾಣದೊಳಗೆ ದುರಂತಕ್ಕೆ ಜಾಗ ಸಿಕ್ಕಿದ್ದು ಅಲ್ಲಿ.

ಆಮೇಲೆ ನಡೆಯೋದು ಗೊತ್ತಿರೋದೇ. ಯುದ್ಧದಲ್ಲಿ ರಾವಣ ತನ್ನ ಚಕ್ರರತ್ನವನ್ನು ಲಕ್ಷ್ಮಣನ ಮೇಲೆ ಬಿಡ್ತಾನೆ. ಅದು ಲಕ್ಷ್ಮಣನಿಗೆ ಪ್ರದಕ್ಷಿಣೆ ಹಾಕಿ ಅವನ ಕೈ ಸೇರುತ್ತೆ. ಅದೇ ಚಕ್ರದಿಂದ ರಾವಣ ಸಾಯ್ತಾನೆ. ಅವನ ಆಯುಧವೇ ಅವನನ್ನು ಕೊಂದಿತು ಅನ್ನೋದು ಪುರಾಣದ ಹಳೇ ಸಂಪ್ರದಾಯ. ಆದರೆ ಹಿಂದಿನ ರಾತ್ರಿಯ ಆ 'ಆದರೆ'ಯನ್ನು ಓದಿದ ಮೇಲೆ ಅದು ಬರೀ ಸಂಪ್ರದಾಯವಾಗಿ ಕಾಣಿಸಲ್ಲ.

ಕನ್ನಡ ಈ ರಾವಣನನ್ನು ಬಿಟ್ಟುಕೊಡಲೇ ಇಲ್ಲ. 1958ರ 'ಭೂಕೈಲಾಸ'ದಲ್ಲಿ ರಾಜ್‌ಕುಮಾರ್ ರಾವಣ ಆದಾಗ ಆತ್ಮಲಿಂಗ ಕಳೆದುಕೊಂಡವನ ಮೇಲೆ ಜನಕ್ಕೆ ಮರುಕವೇ ಬಂತು. 1949ರಲ್ಲಿ ಪ್ರಕಟವಾದ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಕುವೆಂಪು ಅವನನ್ನು ಇನ್ನೂ ಮುಂದಕ್ಕೆ ಕರೆದೊಯ್ದರು. ಅಲ್ಲಿ ಕನಸಿನಲ್ಲಿ ಸೀತೆ ಅವನಿಗೆ ತಾಯಿಯಾಗಿ ಕಾಣ್ತಾಳೆ, ಅವನು ಅವಳ ಮಡಿಲ ಮಗು. ಕುವೆಂಪು ಅವರಿಗೆ ರಾವಣನ ಉದ್ಧಾರ ಮುಖ್ಯ. ಜೈನ ಪರಂಪರೆಯೂ ಅವನನ್ನು ನರಕಕ್ಕೆ ಕಳಿಸಿದರೂ, ಮುಂದೊಂದು ಜನ್ಮದಲ್ಲಿ ತೀರ್ಥಂಕರ ಆಗ್ತಾನೆ ಅಂತ ಹೇಳಿದೆ. ಉದಾರ ಮನಸ್ಸಿನ ಮಾತು, ಒಪ್ಪೋಣ. ಜನ್ಮಗಳ ಲೆಕ್ಕದಲ್ಲಿ ಎಲ್ಲರಿಗೂ ವಾಯಿದೆ ಸಿಗುತ್ತೆ. ಈ ಜನ್ಮದಲ್ಲಿ ಕಾಯ್ತಾ ಕೂತವರಿಗೆ ಸಿಗಲ್ಲ.

ಓದಬೇಕು ಅನ್ನಿಸಿದರೆ ಇಡೀ ಕಾವ್ಯದಿಂದ ಶುರು ಮಾಡಬೇಡಿ, ಹಳಗನ್ನಡ ಕೈ ಸೋಲಿಸುತ್ತೆ. ಗದ್ಯಾನುವಾದ ಇರೋ ಪ್ರತಿ ಹುಡುಕಿ, ಬಹುರೂಪಿಣಿ ವಿದ್ಯೆ ಸಾಧಿಸಿ ರಾವಣ ಸೀತೆಯ ಹತ್ತಿರ ಬರೋ ಭಾಗ ತೆಗೀರಿ. ಅವನು ಕೊರಗೋ ಸಾಲುಗಳನ್ನು ನಿಧಾನವಾಗಿ ಓದಿ, ಅವು ನಿಜಕ್ಕೂ ಮನಸ್ಸು ಕರಗಿಸ್ತವೆ. ನಾಳೆ ಗೆದ್ದು ಕೊಡ್ತೀನಿ ಅನ್ನೋ ಮಾತು ಬಂದಾಗ ಮಾತ್ರ ಒಂದು ನಿಮಿಷ ಪುಸ್ತಕ ಮುಚ್ಚಿ. ಆ ತೋಟದಲ್ಲಿ ಇನ್ನೂ ಎಚ್ಚರವಾಗಿಯೇ ಇರೋ ಸೀತೆಗೆ, ಇವತ್ತು ರಾತ್ರಿ ತನ್ನ ಬಿಡುಗಡೆ ತೀರ್ಮಾನವಾಗಿದೆ ಅಂತ ಯಾರೂ ಹೇಳಿಲ್ಲ.